ತೋಳಪಟ್ಟಿಯ ಮೇಲೆ ಕೋಳಿಸಾರು

ಪುಯೆಬ್ಲಾ, ಮೆಕ್ಸಿಕೊ, ಮಂಗಳವಾರ

ಅಕ್ಕಾ,

ನಿನ್ನ ತಮ್ಮ ಕಳ್ಳನಾಗಿದ್ದಾನೆ. ಪಾದ್ರಿಗಳಿಗಿಂತ ಮೊದಲು ನಿನ್ನ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಭಾವೀ ಅತ್ತೆ ದೋನ್ಯಾ ಪೆತ್ರೊನೀಲಾರ ಕೈಬರಹದ ಅಡುಗೆ ಪುಸ್ತಕ ಮದುವೆಯ ಬೆಳಗ್ಗೆ ಮಗಳ ಕೈಗಷ್ಟೇ ಸೇರತಕ್ಕದ್ದು. ನಾನು ಅದನ್ನು ತೆರೆದದ್ದು ತಿಳಿದರೆ ಮುಂದಿನ ತಿಂಗಳ ಮದುವೆ ಮುರಿದಂತೆಯೇ. ಆದರೂ ನಿನ್ನೆ ಅವರ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಉಗ್ರಾಣಕ್ಕೆ ನುಗ್ಗಿ, ನೀನು ಕೇಳಿದ್ದ ಕೋಳಿಸಾರನ್ನು ಅಂಗಿಯ ತೋಳಪಟ್ಟಿಯ ಮೇಲೆ ಪೆನ್ಸಿಲಿನಿಂದ ಇಳಿಸಿಕೊಂಡೆ. ಫ್ರೆಂಚರ ಬೆಣ್ಣೆ-ಹಿಟ್ಟಿನ ಬಿಳಿ ಸಾಸಿಗೆ ನಮ್ಮ ಸುಟ್ಟ ಮೆಣಸಿನಕಾಯಿ ಅರೆದು ಸುರಿದಿದ್ದಾರೆ, ಮಹಾತಾಯಿ!

ಅಷ್ಟರಲ್ಲಿ ಅತ್ತೆಯ ಹೆಜ್ಜೆ ಸದ್ದು. ಮೆಣಸಿನಕಾಯಿ ಮೂಟೆಯ ಹಿಂದೆ ಅಡಗಿ ಸೀನು ನುಂಗಿದೆ.

"ದೆಲ್ಫಿನಾ, ಉಗ್ರಾಣಕ್ಕೆ ಬೆಕ್ಕೇನಾದ್ರೂ ನುಗ್ಗಿದೆಯೇನೇ?"

"ನೀನಿರೋ ಮನೇಲಿ ಬೆಕ್ಕಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕಮ್ಮ!" ಎಂದಳು ನನ್ನವಳು.

ಹೆಜ್ಜೆ ದೂರವಾಯಿತು. ಇಲಿಗೂ ತಿಳಿಯದಂತೆ ಹೊರಬಿದ್ದೆ. ಇಂಥ ಚತುರ ಕಳ್ಳ ಈ ಊರಿನಲ್ಲೇ ಇಲ್ಲ!

ಆರೋಗ್ಯ ಚೆನ್ನಾಗಿದೆ, ಮೂಗು ಮಾತ್ರ ಇನ್ನೂ ಉರಿಯುತ್ತಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ, ಇದೊಂದನ್ನು ಹೇಳಲೇಬೇಕು. ರಾತ್ರಿ ಆ ಅಂಗಿಯನ್ನು ಮರೆತು ಅತ್ತೆಯ ಮನೆಯಲ್ಲೇ ಒಗೆಯಲು ಹಾಕಿಬಿಟ್ಟೆ. ಈಗ ಅದು ಒಗೆಯದೆಯೇ ಮರಳಿ ಬಂದಿದೆ. ನನ್ನ ಬರಹದ ಕೆಳಗೆ ಅತ್ತೆಯ ಅಕ್ಷರ: "ಬೆಣ್ಣೆ ಮೊದಲು, ಹಿಟ್ಟು ಆಮೇಲೆ. ಉಪ್ಪು ಬರೆಯೋದು ಮರೆತಿದ್ದೀರಿ, ಅಳಿಯಂದಿರೇ."

ಫಾಬಿಯಾನ್