ಬೆಳಗಿದ ಗಡ್ಡೆಗೆ ಚಪ್ಪಾಳೆ

ಹ್ಯಾಲಿಫ್ಯಾಕ್ಸ್,
ಮಾರ್ಚ್ 11, ಸಂಜೆ

ನನ್ನ ಮಹಾರಾಣಿ ಅಮ್ಮನಿಗೆ,

ನೀನು ಫೋನು ಎತ್ತುತ್ತಿಲ್ಲ, ಕರೆಗಂಟೆಗೂ ಓಗೊಡಲಿಲ್ಲ. ಅದಕ್ಕೇ ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಿದ್ದೇನೆ. ಹರಿಯುವ ಮೊದಲು ಓದು. ಆಮೇಲೆ ಬೇಕಾದಷ್ಟು ಹರಿ.

ಇವತ್ತು ಆ ಸ್ಕ್ಯಾನಿಂಗ್ ಕೋಣೆಯಲ್ಲಿ ನಾನು ಇರಲೇಬಾರದಿತ್ತು. ಚುಚ್ಚುಮದ್ದಿನ ಕಣ ತಯಾರಿಸುವ ನನ್ನಂಥವಳ ಜಾಗ ಪ್ರಯೋಗಾಲಯ. "ನನ್ನ ತಾಯಿ ಕಣೋ, ಜೊತೆಗಿರ್ತೀನಿ" ಎಂದು ಯಂತ್ರ ನಡೆಸುವ ಟೋಬಿಯಸ್‌ನನ್ನು ಗೋಗರೆದು ಒಳಗೆ ನುಗ್ಗಿದೆ. ಸುಳ್ಳು, ಅಮ್ಮ. ಬಂದದ್ದು ನಿನಗಾಗಿ ಅಲ್ಲ. ಇಷ್ಟು ವರ್ಷ ಜೀವ ತೇದು ಮಾಡಿದ ನನ್ನ ನ್ಯಾನೋ ಕಣಗಳು ನಿನ್ನ ರಕ್ತದಲ್ಲಿ ತೇಲಿ ತಲೆಯ ಗಡ್ಡೆಯನ್ನು ಸೇರಿದವೋ ಇಲ್ಲವೋ ನೋಡುವುದಕ್ಕೆ.

ಸೇರಿದ್ದವು. ಕತ್ತಲ ರಂಗದ ಮೇಲೆ ಒಂದೇ ದೀಪ ಬಿದ್ದ ಹಾಗೆ ಪರದೆಯಲ್ಲಿ ಗಡ್ಡೆ ಧಗಧಗ ಬೆಳಗಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. "ಆಹಾ, ಎಂಥಾ ಚೆಂದದ ಗಡ್ಡೆ, ಕಣಗಳನ್ನ ಹೇಗೆ ಕುಡಿದಿದೆ ನೋಡೋ" ಅಂದೆ. ಟೋಬಿಯಸ್ ನನ್ನ ತೋಳು ಹಿಡಿದೆಳೆದ. "ಬಾಯಿ ಮುಚ್ಚೇ ಮಾರಾಯ್ತಿ, ಮೈಕ್ ಆನ್ ಇದೆ. ಅವರಿಗೆ ಕೇಳಿಸ್ತಿದೆ."

ಕೊಳವೆಯೊಳಗೆ ಅಲುಗಾಡದೆ ಮಲಗಿದ್ದ ನಿನಗೆ ಎಲ್ಲವೂ ಕೇಳಿತ್ತು. ಹೊರಗೆ ಬಂದವಳೇ ಆಸ್ಪತ್ರೆಯ ನಿಲುವಂಗಿಯನ್ನು ರಾಜಪೋಷಾಕಿನಂತೆ ಸರಿಪಡಿಸಿಕೊಂಡು, ಕಾರಿಡಾರಿನ ಕೊನೆ ಮುಟ್ಟುವ ದನಿಯಲ್ಲಿ ಹೇಳಿದೆ: "ಚರ್ಚ್ ಹಾಲ್‌ನಲ್ಲಿ ಅಷ್ಟು ವರ್ಷ ನಾಟಕ ಆಡಿದೆ, ನನಗೊಂದು ದಿನ ಚಪ್ಪಾಳೆ ತಟ್ಟಲಿಲ್ಲ ಇವಳು. ನನ್ನ ಗಡ್ಡೆಗೆ ಎದ್ದು ನಿಂತು ತಟ್ಟಿದಳು ನೋಡಪ್ಪ." ಟೋಬಿಯಸ್ ನಗಲೂ ಆಗದೆ ಕನ್ನಡಕ ಒರೆಸಿಕೊಂಡ. ನಾಳೆಯ ವಿಕಿರಣ ಚಿಕಿತ್ಸೆಯೇ ಬೇಡವೆಂದು ನೀನು ಕೋಟು ತೊಟ್ಟು ಹೊರಟೇಬಿಟ್ಟೆ.

ನೀನು ಹೇಳಿದ್ದು ನಿಜ. ರಂಗದ ಪಕ್ಕದಲ್ಲಿ ಕೂತು ನಿನ್ನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದೆ; ಕೈ ಮಾತ್ರ ಎತ್ತಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಿಂದ ಮುಖ ಸುಡುತ್ತಿದೆ.

ಆದರೆ ನನ್ನ ಮೇಲಿನ ಸಿಟ್ಟನ್ನು ಚಿಕಿತ್ಸೆಯ ಮೇಲೆ ತೀರಿಸಬೇಡ. ಕಣಗಳು ಗಡ್ಡೆಯೊಳಗೆ ಹೊಂಚು ಹಾಕಿ ಕೂತಿವೆ. ನಾಳೆ ಕಿರಣ ಬಿದ್ದರೆ ಅದರ ಪೆಟ್ಟನ್ನು ಅಲ್ಲೇ, ಅಷ್ಟು ಜಾಗದಲ್ಲೇ ಹೆಚ್ಚಿಸುತ್ತವೆ. ತಡಮಾಡಿದರೆ ಮೂತ್ರದಲ್ಲಿ ಹೋಗಿಬಿಡುತ್ತವೆ. ನಾನು ಆ ಕಡೆ ಸುಳಿಯುವುದೂ ಇಲ್ಲ. ರೋಗಿಗಳನ್ನು ಕರೆದೊಯ್ಯುವ ಸ್ವಯಂಸೇವಕ ಬೆಳಿಗ್ಗೆ ಕಾರು ತರುತ್ತಾನೆ. ದಾರಿಯುದ್ದಕ್ಕೂ ಅವನ ಮುಂದೆ ನನ್ನನ್ನು ಬಯ್ಯಿ. ಕಾರು ಮಾತ್ರ ಹತ್ತು.

ತಲೆ ಎತ್ತಲಾರದ ನಿನ್ನ ಮಗಳು,
ಗ್ರೆಟಾ

ಇದು ಮರೆತ ಮಾತಲ್ಲ, ಮುಚ್ಚಿಟ್ಟ ಮಾತು: ಮೊದಲು ಆ ಗಡ್ಡೆ ಬೆಳಗಿದಾಗ ನಾನು ಬರೀ ಎದ್ದು ನಿಂತಿದ್ದೆ. ಚಪ್ಪಾಳೆ ತಟ್ಟಿದ್ದು ಅದರ ಪಕ್ಕದಲ್ಲಿ ಸಾಸಿವೆಯಷ್ಟು ಇನ್ನೊಂದು ಚುಕ್ಕೆ ಬೆಳಗಿದಾಗ. ಹಳೆಯ ಸ್ಕ್ಯಾನಿನಲ್ಲಿ ಅದು ಕಂಡಿರಲಿಲ್ಲ. ಡಾಕ್ಟರ್ ಹೇಳುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಅದೂ ಗಡ್ಡೆಯೇ, ಅಮ್ಮ. ನಾಳೆ ಅದಕ್ಕೂ ಕಿರಣ ಬೀಳಬೇಕು. ಯಾರಿಗೂ ಸಿಗದ್ದನ್ನು ನನ್ನ ಕಣ ಹಿಡಿದುಕೊಟ್ಟಿತೆಂದು ಹಿಗ್ಗಿದೆ. ಅದು ನಿನ್ನ ತಲೆ ಎಂಬುದು ಆಮೇಲೆ ನೆನಪಾಯಿತು.