ನಿನ್ನ ಹೆಸರಿನ ಉಳಿದವರು

ಸೆಪ್ಟೆಂಬರ್ ೧೧, ಬುಧವಾರ ಮಧ್ಯಾಹ್ನ

ನನ್ನ ಮುದ್ದು ಗುಬ್ಬಿಗೆ,

ಅಮ್ಮನ ನೂರು ಮುತ್ತು. ಇಲ್ಲಿ ಎಲ್ಲವೂ ಕ್ಷೇಮ, ನಿನ್ನಪ್ಪನ ಎಡಮಂಡಿಯೊಂದನ್ನು ಬಿಟ್ಟು. ನಿನ್ನ ಕಾಗದ ನಿನ್ನೆ ಸಂಜೆ ಕೈಸೇರಿತು. ಮೊದಲ ಸಲ ಓದಿದಾಗ ಕೋಪ ಬಂತು, ಇನ್ನೊಂದು ಸಲ ಓದಿದಾಗ ನಗು ಬಂತು, ಆಮೇಲೆ ಎರಡೂ ಹೋಗಿ ಸುಮ್ಮನೆ ಕಿಟಕಿ ಹತ್ತಿರ ಕೂತೆ. ಫೋನಿನಲ್ಲೇ ಹೇಳೋಣವೆಂದರೆ ನಿನ್ನಪ್ಪ ಪಕ್ಕದಲ್ಲಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ, ಮಾತು ಮಾತಿಗೂ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪೇಚಾಟ ನನಗೆ ಅರ್ಥವಾಗದೆ ಇಲ್ಲ. ಮೊದಲನೇ ಪ್ರದರ್ಶನ. ಬಟ್ಟಲು, ಹೂಜಿಗಳೆಲ್ಲ ಮುಂದಿನ ವಾರ ಕೊನೆಯ ಸಲ ಭಟ್ಟಿಗೆ ಹೋಗಬೇಕು, ಅದಕ್ಕೆ ಮೊದಲೇ ಒಂದೊಂದರ ತಳದಲ್ಲೂ ನೀನು ಹೆಸರು ಬರೆಯಬೇಕು. ಒಮ್ಮೆ ಸುಟ್ಟಮೇಲೆ ತಿಪ್ಪರಲಾಗ ಹಾಕಿದರೂ ಅದನ್ನು ಅಳಿಸಲಾಗದು. ಇಂಥ ಹೊತ್ತಿನಲ್ಲಿ ಗ್ಯಾಲರಿಯ ಯಜಮಾನಿ ನಿನ್ನ ತಲೆಯಲ್ಲಿ ಹುಳ ಬಿಟ್ಟಿದ್ದಾಳೆ. ನಿನ್ನದೇ ಹೆಸರಿನವರು, ಹೃದಯದ ಡಾಕ್ಟರಮ್ಮ ಒಬ್ಬರಿದ್ದಾರೆ, ಸಿನಿಮಾ ಹಾಡುಗಾರ್ತಿ ಒಬ್ಬರಿದ್ದಾರೆ, ಫುಟ್‌ಬಾಲಿನ ಗೋಲ್‌ಕೀಪರ್ ಹುಡುಗಿ ಬೇರೆ ಇದ್ದಾಳೆ, ನೀನು ಆ ಸಾಲಿನ ತುದಿಯಲ್ಲಿ ನಿಂತರೆ ಯಾರ ಕಣ್ಣಿಗೂ ಬೀಳೋದಿಲ್ಲ, ಬೇರೆ ಹೆಸರು ಇಟ್ಕೋ ಅಂದಳಂತೆ. ನೀನೂ ಹೆಚ್ಚುಕಡಿಮೆ ಒಪ್ಪಿದ್ದೀ. ಕಾಗದದ ಕೊನೆಗೆ ನನ್ನನ್ನು ಒಂದೇ ಮಾತು ಕೇಳಿದ್ದೀ. ಅಮ್ಮಾ, ಆ ಮೂವರಲ್ಲಿ ಯಾರ ಹೆಸರು ನಂಗಿಟ್ಟೆ, ಇನ್ನೊಬ್ಬರದ್ದನ್ನ ಹೊತ್ಕೊಂಡು ತಿರುಗ್ತಿದ್ರೆ ಈಗಲೇ ಇಳಿಸಿಬಿಡ್ತೀನಿ, ಅಂತ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಎಲ್ಲರೆದುರು ಓದಿದ್ದು ನನ್ನ ತಪ್ಪು. ನಿನ್ನಜ್ಜಿ ಚಮಚ ಕೆಳಗಿಟ್ಟು, ಹಾಡೋಳ ಹೆಸರೇ ಕಣೆ ಅದು, ರೇಡಿಯೋದಲ್ಲಿ ಅವಳ ಹಾಡು ಕೇಳಿ ನಾನೇ ಸೂಚಿಸಿದ್ದು ಅಂದರು. ನಿನ್ನಪ್ಪ ಬಿಡುತ್ತಾರೆಯೇ? ಗೋಲ್‌ಕೀಪರ್ ಹೆಸರು, ಮಗಳು ಎದುರಾಳಿಗೆ ಜಗ್ಗಬಾರದು ಅಂತ ಇಟ್ಟಿದ್ದು ಎಂದು ಎದೆ ಉಬ್ಬಿಸಿದರು. ಅಷ್ಟರಲ್ಲಿ ನಿನ್ನ ಚಿಕ್ಕಮ್ಮ, ನೀವಿಬ್ಬರೂ ಸುಮ್ನಿರಿ, ಓದಿ ಡಾಕ್ಟರಾಗಲಿ ಅಂತ ಇಟ್ಟ ಹೆಸರು, ಅಕ್ಕನೇ ನನ್ನ ಹತ್ರ ಹೇಳಿದ್ದಾಳೆ ಎಂದಳು. ಹಾಗೆ ನಾನು ಯಾವತ್ತೂ ಹೇಳಿದವಳಲ್ಲ. ಮೂವರೂ ಜಗಳಕ್ಕೆ ಬಿದ್ದು ಸಾರು ಆರಿಹೋಯಿತು. ಹೆಸರಿಟ್ಟವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ, ನಿನ್ನ ಹೆಸರಿನವರಿಂದ ನಮ್ಮ ಮನೆಗೆ ಮನರಂಜನೆಗೇನೂ ಕೊರತೆಯಾಗಿಲ್ಲ. ನೀನು ಕಾಲೇಜಿನಲ್ಲಿದ್ದಾಗ ಒಬ್ಬ ಮುದುಕ ಫೋನು ಮಾಡಿ ಎದೆ ಹಿಡ್ಕೊಂಡಿದೆ ಡಾಕ್ಟ್ರೇ ಅಂದದ್ದು, ನೀನು ಗಾಬರಿಯಿಂದ ಆಂಬುಲೆನ್ಸ್ ಕಳಿಸಿ ಆಮೇಲೆ ಆಸ್ಪತ್ರೆಗೂ ಓಡಿದ್ದು ನೆನಪಿದೆಯಾ? ಆತ ಬದುಕಿದ, ಇವತ್ತಿಗೂ ನಿನ್ನನ್ನೇ ಡಾಕ್ಟರ್ ಎಂದುಕೊಂಡಿದ್ದಾನೆ. ಗೋಲ್‌ಕೀಪರ್‌ಗೆ ಬಂದ ಹೂಗುಚ್ಛ ನಮ್ಮ ಮೇಜಿನ ಮೇಲೆ ಒಂದು ವಾರ ಮೆರೆಯಿತು. ಇನ್ನು ಆ ಹಾಡುಗಾರ್ತಿ ಟಿವಿಯಲ್ಲಿ ಹೇಳಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಆ ಹುಡುಗಿ ಗೋಲು ಬಿಟ್ಟಾಗಲೆಲ್ಲ ಜನ ಇವರಿಗೆ ಬೈದು ಬರೆಯುತ್ತಾರಂತೆ. ನೀನೊಬ್ಬಳೇ ಕಷ್ಟಪಡುತ್ತಿದ್ದೀ ಅಂದುಕೊಳ್ಳಬೇಡ.

ನನ್ನ ಹೆಸರಿನ ಕಥೆಯಂತೂ ನಿನಗೆ ಗೊತ್ತೇ ಇದೆ. ಬೀದಿಯಲ್ಲಿ ನಿಂತು ಕೂಗಿದರೆ ಮೂರು ಕಿಟಕಿ ತೆರೆದುಕೊಳ್ಳುವಂಥ ಹೆಸರು. ಪಿಂಗಾಣಿ ಕಾರ್ಖಾನೆಯ ಬಣ್ಣದ ಕೋಣೆಯಲ್ಲೂ ಆ ಹೆಸರಿನವರು ಮೂವರಿದ್ದೆವು. ಮೇಸ್ತ್ರಿಗೆ ತಲೆಕೆಟ್ಟು ಒಬ್ಬಳನ್ನು ಉದ್ದನೆಯವಳು, ಇನ್ನೊಬ್ಬಳನ್ನು ಮೂಲೆಯವಳು, ನನ್ನನ್ನು ಕನ್ನಡಕ ಅಂತ ಕರೆಯತೊಡಗಿದ. ಅಂಚಿನ ಗೆರೆ ಸೊಟ್ಟಗಾಗಿ ಆತ ಹೆಸರು ಹಿಡಿದು ಕಿರುಚಿದರೆ ಮೂವರೂ ತಲೆ ಎತ್ತುತ್ತಿರಲಿಲ್ಲ. ಶಹಬ್ಬಾಸ್ ಅಂದರೆ ಮೂವರೂ ಎತ್ತುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಅದೇ ನೀಲಿ ಹೂವು, ಅದೇ ಎರಡು ಎಲೆ. ಬೆರಳು ತಟ್ಟೆಗೆ ತಾಗಬಾರದೆಂದು ಕಿರುಬೆರಳನ್ನು ಎತ್ತಿ ಹಿಡಿದು, ತಟ್ಟೆಯನ್ನೇ ತಿರುಗಿಸುತ್ತಾ ಗೆರೆ ಎಳೆಯುತ್ತಿದ್ದೆವು. ನೀನು ಚಕ್ರದ ಮುಂದೆ ಕೂತಾಗ ಕಿರುಬೆರಳು ಎತ್ತಿಕೊಳ್ಳುತ್ತೀಯಲ್ಲ, ಅದು ನನ್ನದೇ ಚಾಳಿ.

ಹೆಸರು ಬರೆಯುವ ಮಾತೇ ಇರಲಿಲ್ಲ. ತಳದಲ್ಲಿ ಕಾರ್ಖಾನೆಯ ಮುದ್ರೆ, ಅದರ ಕೆಳಗೆ ಸುಟ್ಟ ವರ್ಷ, ಅಷ್ಟೇ. ಭಟ್ಟಿಯಲ್ಲಿ ಕಲೆಯಾದದ್ದು, ಗುಳ್ಳೆ ಎದ್ದದ್ದು ಮಾರಾಟಕ್ಕೆ ಹೋಗುತ್ತಿರಲಿಲ್ಲ, ಬೇಕಾದವರು ಮನೆಗೆ ಒಯ್ಯಬಹುದಿತ್ತು. ನಮ್ಮ ಅಡುಗೆಮನೆಯ ತಟ್ಟೆಗಳೆಲ್ಲ ಹಾಗೆ ಬಂದ ಅಂಗವಿಕಲರೇ. ನಿನ್ನದೂ ಅದೇ ಬಳಗದ್ದು, ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು, ಹಿಂಬದಿಯಲ್ಲಿ ನೀಲಿ ಅಕ್ಷರದಲ್ಲಿ ನಿನ್ನ ಹೆಸರು. ಅಕ್ಷರ ಕಲಿತ ದಿನ ನೀನು ಅದನ್ನು ತಿರುಗಿಸಿ ಓದಿ, ಅಮ್ಮ ನಂಗೋಸ್ಕರ ಬರ್ದಿದ್ದಾಳೆ ಅಂತ ಬೀದಿಯಲ್ಲೆಲ್ಲ ಡಂಗುರ ಸಾರಿದ್ದೆ. ಆಮೇಲೆ ಆ ತಟ್ಟೆಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಚಿಕ್ಕಮ್ಮನ ಮಗ ಒಂದು ದಿನ ಅದರಲ್ಲಿ ಉಂಡನೆಂದು ನೀನು ನೆಲದ ಮೇಲೆ ಹೊರಳಾಡಿ ಅತ್ತದ್ದನ್ನು ಅವನಿನ್ನೂ ಹೇಳಿ ನಗುತ್ತಾನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ಮೂವರಲ್ಲಿ ಯಾರ ಹೆಸರೂ ಅಲ್ಲ. ನೀನು ಹುಟ್ಟಿದಾಗ ಆ ಗೋಲ್‌ಕೀಪರ್‌ಗೆ ಹಾಲುಹಲ್ಲೂ ಬಂದಿರಲಿಲ್ಲ, ನಿನ್ನಪ್ಪ ಸುಮ್ಮನೆ ಬೊಗಳೆ ಬಿಡುತ್ತಾರೆ. ಹಾಡುಗಾರ್ತಿ ಆಗಿನ್ನೂ ಗುಂಪಿನ ಹಿಂದೆ ನಿಂತು ದನಿಗೂಡಿಸುತ್ತಿದ್ದರು, ಡಾಕ್ಟರಮ್ಮ ಪರೀಕ್ಷೆಗೆ ಓದುತ್ತಿದ್ದಿರಬೇಕು. ನಮ್ಮ ಬೀದಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಆ ಹೆಸರಿನವರು ಒಬ್ಬರೂ ಇರಲಿಲ್ಲ. ಕಿವಿಗೆ ಇಂಪಾಗಿತ್ತು, ಕುಂಚಕ್ಕೂ ಸುಲಭವಾಗಿತ್ತು, ಇಟ್ಟೆ. ಆಮೇಲೆ ಆ ಹೆಸರಿನವರು ಒಬ್ಬೊಬ್ಬರೇ ದೊಡ್ಡವರಾದರೆ ನಾನೇನು ಮಾಡಲಿ?

ಹೆಸರು ಬದಲಾಯಿಸಬೇಕೆಂದಿದ್ದರೆ ಧಾರಾಳವಾಗಿ ಬದಲಾಯಿಸು. ನನಗೆ ಬೇಸರವಿಲ್ಲ. ಅಪ್ಪನನ್ನು ನಾನು ಸಂಭಾಳಿಸುತ್ತೇನೆ, ಅಜ್ಜಿ ಒಂದೆರಡು ದಿನ ಮುಖ ಗಂಟು ಹಾಕಿಕೊಂಡು ಆಮೇಲೆ ಸರಿಹೋಗುತ್ತಾರೆ. ಹೊಸ ಹೆಸರು ಆದಷ್ಟು ಚಿಕ್ಕದಿರಲಿ, ಸಣ್ಣ ಬಟ್ಟಲಿನ ತಳದಲ್ಲಿ ಉದ್ದ ಹೆಸರು ಬರೆಯಹೋದರೆ ನಡುವೆಯೇ ಕುಂಚ ಒಣಗುತ್ತದೆ. ಬಣ್ಣಕ್ಕೆ ನೀರು ಹೆಚ್ಚು ಮಾಡಬೇಡ, ಬೆಂಕಿಯಲ್ಲಿ ಅಕ್ಷರ ಹರಡಿಕೊಳ್ಳುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪ್ರದರ್ಶನಕ್ಕೆ ನಾವೆಲ್ಲ ಬರುತ್ತೇವೆ. ನಿನ್ನಪ್ಪ ಈಗಲೇ ಕೋಟು ಒಗೆಯಲು ಕೊಟ್ಟಿದ್ದಾರೆ.

ಸದಾ ನಿನ್ನ ಒಳಿತನ್ನೇ ಬಯಸುವ,
ಅಮ್ಮ
(ಮೇಸ್ತ್ರಿಯ ಭಾಷೆಯಲ್ಲಿ, ಕನ್ನಡಕ)

ಮರೆತ ಮಾತು: ಕಾಗದ ಮಡಚಿ ಅಂಟು ಹಚ್ಚಲು ಹೋದವಳು ಮತ್ತೆ ಬಿಚ್ಚಿದೆ. ಬೇಸರವಿಲ್ಲ ಎಂದು ಬರೆದದ್ದು ಸುಳ್ಳು.

ಇದರ ಜೊತೆಗೆ ಬರುವ ಪೊಟ್ಟಣದಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ನಿನ್ನ ತಟ್ಟೆ ಇದೆ, ಜೋಪಾನವಾಗಿ ಬಿಚ್ಚು. ಹಿಂಬದಿಯ ಹೆಸರನ್ನು ಸಾವಿರ ಸಲ ಓದಿದ್ದೀ, ಅದರ ಪಕ್ಕದ ಮುದ್ರೆಯನ್ನು ನೀನು ಒಮ್ಮೆಯೂ ನೋಡಿದಂತಿಲ್ಲ. ಅಲ್ಲಿರುವುದು ನೀನು ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನ ವರ್ಷ. ಅದನ್ನು ನಿನಗೋಸ್ಕರ ಬರೆದದ್ದಲ್ಲ, ಕಂದಾ.

ಆ ವರ್ಷ ಕಾರ್ಖಾನೆಯವರು ದೊಡ್ಡ ಪ್ರದರ್ಶನವೊಂದಕ್ಕೆ ತಟ್ಟೆ ಕಳಿಸುವವರಿದ್ದರು. ಬಣ್ಣ ಹಾಕಿದವರೇ ಹೆಸರು ಬರೆಯಬಹುದು ಎಂದಿದ್ದರು. ಮೂವರದ್ದೂ ಒಂದೇ ಹೆಸರಾದ್ರೆ ನೋಡೋರಿಗೆ ಏನು ತಿಳಿಯುತ್ತೆ, ಇಬ್ಬರು ಬೇರೆ ಹೆಸರು ಹುಡುಕ್ಕೊಳ್ಳಿ ಅಂತ ಮೇಸ್ತ್ರಿ ಹೇಳಿದ. ನಾನು ಹುಡುಕಿಕೊಂಡೆ. ಎಷ್ಟು ಖುಷಿಯಿತ್ತೆಂದರೆ, ಪಾತ್ರೆ ತೊಳೆಯುವಾಗ ಒದ್ದೆ ಬೆರಳಿನಿಂದ ಗೋಡೆಯ ಮೇಲೂ ಅದನ್ನೇ ಬರೆಯುತ್ತಿದ್ದೆ. ಪರೀಕ್ಷೆಗೆಂದು ಆ ಹೆಸರು ಬರೆದ ಒಂದು ತಟ್ಟೆ ಸುಟ್ಟೆವು. ಅಷ್ಟರಲ್ಲಿ ಮೇಲಿನಿಂದ ಅಪ್ಪಣೆ ಬಂತು, ಕೆಲಸದವರ ಹೆಸರು ಬೇಡ, ಮುದ್ರೆಯೊಂದೇ ಸಾಕು ಅಂತ. ತೂತು ಬಿದ್ದ ಆ ತಟ್ಟೆಯನ್ನು ನಾನು ಮನೆಗೆ ತಂದೆ. ಮತ್ತೆ ಆ ಹೆಸರು ಬರೆಯುವ ಅವಕಾಶ ಬರಲೇ ಇಲ್ಲ. ನೀನು ಬಂದೆ, ನಿನಗೇ ಕೊಟ್ಟುಬಿಟ್ಟೆ. ಇದು ನಿನ್ನಪ್ಪನಿಗೂ ಗೊತ್ತಿಲ್ಲ.

ನಿನಗೆ ಬೇಕಾದ ಹೆಸರನ್ನೇ ಇಟ್ಟುಕೋ. ಆದರೆ ಭಟ್ಟಿ ಹಚ್ಚುವ ಮೊದಲು, ಯಾವುದಾದರೂ ಒಂದು ಸಣ್ಣ ಬಟ್ಟಲಿನ ತಳದಲ್ಲಿ ನನ್ನ ಆ ಹೆಸರು ಬರೆಯುತ್ತೀಯಾ? ಬಂದಾಗ ಎತ್ತಿ ನೋಡುತ್ತೇನೆ.