ಹುಳು ಮುಟ್ಟದ ಸೊಪ್ಪು

ಶಿಡ್ಲಘಟ್ಟ
14-2-1961

ಕೆಂಚಾರ್ಲಹಳ್ಳಿಯ ಬೀಗರಾದ ರಾಮಾಂಜಿನಪ್ಪನವರಿಗೆ ಮುನಿಶಾಮಪ್ಪನ ನಮಸ್ಕಾರಗಳು.

ಹೋದ ವಾರ ಮಗಳು ಸರೋಜಳನ್ನು ಹೆರಿಗೆಗೆ ಕರೆತರುವಾಗ ನಾನು ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪು ನಿಮ್ಮೂರು ದಾಟಿದ ಏರಿನಲ್ಲೇ ಕುದಿದು ನಿಂತಿತು. "ಈ ಒಲೆ ನಂಬ್ಕೊಂಡು ತುಂಬಿದ ಬಸುರೀನ ಕಳಿಸಲ್ಲಪ್ಪ" ಎಂದು ಜೊತೆಗಿದ್ದ ಬೀಗಿತ್ತಿಯವರು ಅವಳನ್ನು ಇಳಿಸಿಕೊಂಡು ಹೋದರು. ಅವರದೇನೂ ತಪ್ಪಿಲ್ಲ.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೆಕ್ಯಾನಿಕ್ ಬಾಷಾ ಸಾಬರು ಫ್ಯಾನ್ ಬೆಲ್ಟು, ವಾಟರ್ ಪಂಪು ಎಲ್ಲ ನೋಡಿ, "ಗಾಡಿ ಸರಿಯಾಗೇ ಐತಲ್ಲ ಸ್ವಾಮಿ" ಎಂದರು. ಆದರೂ ತೋಟದಿಂದ ಬರುವಾಗ ಕುದಿಯುತ್ತಿತ್ತು. ಇಂಟರ್‌ಮೀಡಿಯಟ್‌ನಲ್ಲಿ ಶಾಖ ಹರಿಯುವ ಪಾಠ ಓದಿದ್ದೆ. ಕಂಡಕ್ಷನ್, ಕನ್ವೆಕ್ಷನ್, ಮೂರನೆಯದು ನೆನಪಾಗಲೇ ಇಲ್ಲ.

ಮೊನ್ನೆ ನಮ್ಮಕ್ಕ ಅಮ್ಮಾಜಮ್ಮ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಒಂದೂ ಬಾಯಿ ಹಾಕಲಿಲ್ಲ. "ಸೊಪ್ಪು ಬೇಯಿಸ್ಕೊಂಡು ಬಂದಿದ್ದೀಯೇನೋ?" ಎಂದಳು. ಆಗ ಹೊಳೆಯಿತು. ತೋಟದಿಂದ ತರುವ ಸೊಪ್ಪಿನ ಮೂಟೆಯನ್ನು ನಾನು ಮುಂದಿನ ಬಂಪರಿನ ಮೇಲೆ ಕಟ್ಟುತ್ತೇನೆ. ಇಂಜಿನ್ನಿನ ನೀರು ಆರಿಸುವ ರೇಡಿಯೇಟರಿಗೆ ಗಾಳಿಯೇ ಇಲ್ಲ, ಅದರ ಬಿಸಿಗೆ ಸೊಪ್ಪೂ ಬೆಂದಿತ್ತು. ಸಾಬರ ಹತ್ತಿರ ಹೋಗುವಾಗ ಮೂಟೆ ಇಳಿಸಿರುತ್ತಿದ್ದೆ. ಅಂದು ನೀವು ಪ್ರೀತಿಯಿಂದ ಕೊಟ್ಟ ಸೊಪ್ಪಿನ ಮೂಟೆಯೂ ಅಲ್ಲೇ ಇತ್ತು.

ಸರೋಜಳ ತಾಯಿ ಇದ್ದಿದ್ದರೆ ಇಷ್ಟು ಸುತ್ತಿ ಬಳಸದೆ ಎರಡೇ ಮಾತಿನಲ್ಲಿ ಕೇಳುತ್ತಿದ್ದಳು. ಬಾಣಂತನಕ್ಕೆ ಅಮ್ಮಾಜಮ್ಮ ಇದ್ದಾಳೆ. ಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ನಿನ್ನೆ ಮೂಟೆಯಿಲ್ಲದೆ ನಿಮ್ಮ ಮನೆಯ ಹೆಂಚು ಕಾಣುವವರೆಗೆ ಬಂದು, ಹಾಗೇ ಹಿಂತಿರುಗಿ ಅದೇ ಏರು ಹತ್ತಿ, ಬಾನೆಟ್ಟು ಮುಟ್ಟಿ ನೋಡಿದೆ. ನೀರು ಕುದಿಯಲಿಲ್ಲ. ನೀವು ಹೇಳಿಕಳಿಸದೆ ಬಾಗಿಲಿಗೆ ಬರಲು ಸಂಕೋಚವಾಯಿತು. ಒಂದು ಕಾರ್ಡು ಹಾಕಿ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ಮುನಿಶಾಮಪ್ಪ